ಉಮಾಮಹೇಶ್ವರಿಯ ಬೆಳ್ಳನೆ ಫೋಟೋ

ಗುಬ್ಬಿಯ ಉಮಾಮಹೇಶ್ವರಿ ಬಿ.ಕಾಂ. ಮುಗಿಸಿ ಎರಡು ವರ್ಷವಾದರೂ ಕೆಲಸ ಸಿಕ್ಕಿರಲಿಲ್ಲ. ಓದು ಸಾಲದೆಂದು ಯಾರೂ ಹೇಳಲಿಲ್ಲ. ಒಬ್ಬ ಮ್ಯಾನೇಜರ್ ಅವಳ ಮುಖ ನೋಡಿ “ಹೇಳಿ ಕಳಿಸ್ತೀವಿ” ಅಂದ. ಇನ್ನೊಬ್ಬ “ಕೌಂಟರಿಗೆ ಸ್ವಲ್ಪ ಕಲರ್ ಇರೋರು ಬೇಕಾಗಿತ್ತು” ಎಂದು ನೇರವಾಗಿಯೇ ಅಂದ. ಹೌದಪ್ಪ, ಹುಡುಗಿ ಕಪ್ಪು. ಅದನ್ನೇನು ಅವಳು ಅಂಗಡಿಯಲ್ಲಿ ಆರಿಸಿಕೊಂಡು ತಂದಳೇ? ಅಪ್ಪನ ಬಣ್ಣ, ಅಜ್ಜಿಯ ಬಣ್ಣ, ಅರ್ಧ ಗುಬ್ಬಿಯ ಬಣ್ಣ.

ಈ ಸಲ ತುಮಕೂರಿನ ಸೀರೆ ಅಂಗಡಿಯೊಂದಕ್ಕೆ ಸೇಲ್ಸ್ ಹುಡುಗಿಯರು ಬೇಕಾಗಿದ್ದರು. ಮೊದಲು ವಾಟ್ಸಾಪಿನಲ್ಲಿ ಫೋಟೋ ಕಳಿಸಬೇಕಿತ್ತು. ಊರಿನ ಸ್ಟುಡಿಯೋ ಅಡವಿಯಪ್ಪನಿಗೆ ಒಂದು ಚಟ. ಯಾರೇ ಬರಲಿ, ಕೇಳಲಿ ಬಿಡಲಿ, ಕಂಪ್ಯೂಟರಿನಲ್ಲಿ ಮುಖಕ್ಕೆ ಸುಣ್ಣ ಹೊಡೆದೇ ಫೋಟೋ ಕೊಡುತ್ತಾನೆ. ಅವನ ಲೆಕ್ಕದಲ್ಲಿ ಗುಬ್ಬಿಯಲ್ಲಿ ಕಪ್ಪಗಿರುವವರೇ ಇಲ್ಲ.

“ಇದು ನಾನಲ್ಲ ಕಣಣ್ಣ,” ಅಂದಳು ಉಮಾ.

“ಕೆಲಸ ಬೇಕೋ ಬ್ಯಾಡ್ವೋ? ಸುಮ್ನೆ ಕಳ್ಸು,” ಅಂದ ಅಡವಿಯಪ್ಪ.

ಕಳಿಸಿದಳು. ಮರುದಿನವೇ ಬರಹೇಳಿದರು.

ಅಂಗಡಿಯ ಯಜಮಾನರು ಪುಟ್ಟರಂಗಯ್ಯ. ಅವರ ಪಕ್ಕ ನಿಂತರೆ ಉಮಾಳೇ ಬೆಳ್ಳಗೆ. ಆದರೆ ಅದನ್ನು ಅವರಿಗೆ ಹೇಳುವವರು ಯಾರು, ಯಜಮಾನರಲ್ಲವೇ. ಅವರು ಮೊಬೈಲನ್ನೂ ಉಮಾಳನ್ನೂ ಮತ್ತೆ ಮತ್ತೆ ನೋಡಿದರು.

“ನಿನ್ ತಂಗಿ ಬರ್ಲಿಲ್ವಾಮ್ಮ?”

“ನಾನೇ ಸಾರ್ ಇದು.”

“ಓಹೋ… ಗೋಡೌನಲ್ಲಿ ಸೀರೆ ಮಡಚೋ ಕೆಲ್ಸ ಐತೆ. ಮಾಡ್ತೀಯಾ?”

ಉಮಾಳಿಗೆ ಮೈ ಉರಿಯಿತು. ಬರಿಗೈಯಲ್ಲಿ ಹೋದರೆ ಅಮ್ಮ ಒಂದು ಮಾತೂ ಆಡುವುದಿಲ್ಲ, ಸುಮ್ಮನೆ ತಟ್ಟೆ ಹಾಕುತ್ತಾಳೆ. ಅದನ್ನೇ ತಡೆದುಕೊಳ್ಳುವುದು ಕಷ್ಟ. ಆದರೂ “ಮಡಚೋಕೆ ಬಂದಿಲ್ಲ ಸಾರ್, ಮಾರೋಕೆ ಬಂದಿದೀನಿ,” ಎಂದು ಎದ್ದೇಬಿಟ್ಟಳು.

ಯಜಮಾನರ ಕೋಣೆಯ ಹೊರಗೆ, ಸೀರೆ ಹರಡುವ ಹಾಸಿನ ಮೇಲೆ ಕುಣಿಗಲ್ ಕಡೆಯ ಸಿದ್ದಲಕ್ಷ್ಮಮ್ಮ ಮಗಳ ಮದುವೆಯಲ್ಲಿ ತಾವು ಉಡಲು ಸೀರೆ ನೋಡಿ ನೋಡಿ ಸುಸ್ತಾಗಿ ಕೂತಿದ್ದರು. ಬೆಳ್ಳನೆಯ ಸೇಲ್ಸ್ ಹುಡುಗಿ ಒಂದೊಂದೇ ಸೀರೆಯನ್ನು ತನ್ನ ಹೆಗಲ ಮೇಲೆ ಹಾಕಿಕೊಂಡು ತೋರಿಸುತ್ತಿದ್ದಳು.

“ನಿನಗೆ ಎಲ್ಲಾ ಒಪ್ತದೆ ಕಣವ್ವ. ಉಡೋಳು ನಾನು. ನನ್ ಮೈಗೆ ಎಂಗ್ ಕಾಣ್ತದೆ ಅಂತ ತಿಳಿಯೋದೆಂಗೆ?”

ಆಕೆಯದೂ ಉಮಾಳ ಬಣ್ಣವೇ. ಬಾಗಿಲ ತನಕ ಹೋಗಿದ್ದ ಉಮಾ ವಾಪಸ್ ಬಂದಳು. ಅರಿಶಿನ ಬಣ್ಣದ ರೇಷ್ಮೆ ಸೀರೆಯೊಂದನ್ನು ಎಳೆದು, ಸೆರಗನ್ನು ಹೆಗಲಿಗೇರಿಸಿ ನಿಂತಳು. ಸಿದ್ದಲಕ್ಷ್ಮಮ್ಮ ತಲೆಯಿಂದ ಕಾಲಿನವರೆಗೆ ನೋಡಿದರು.

“ಇದು ಇರಲಿ. ನಮ್ ನಾದಿನೀಗೂ ಒಂದು ತೋರ್ಸವ್ವ. ಅವಳೂ ನಮ್ಮಂಗೇ.”

ಒಂದು ಹೋಗಿ ನಾಲ್ಕು ಸೀರೆ ಬಿಲ್ಲಾದವು. ಪುಟ್ಟರಂಗಯ್ಯ ನಿಧಾನವಾಗಿ ಹೊರಗೆ ಬಂದರು.

“ಸೋಮವಾರ ಬಾರಮ್ಮ. ಗೋಡೌನಿಗಲ್ಲ, ಇಲ್ಲಿಗೇ.” ಎರಡು ಹೆಜ್ಜೆ ಹೋದವರು ತಡೆಯಲಾರದೆ ತಿರುಗಿದರು. “ಬರೋವಾಗ ಒಂಚೂರು ಪೌಡರ್ ಹಾಕ್ಕೊಂಡ್ ಬಾ.”

“ನಿಮಗೂ ತರ್ಲಾ ಸಾರ್?” ಅಂದಳು ಉಮಾ.