ಅವ್ವ ಒಪ್ಪಿಕೊಂಡ ಸೂಜಿ

ರೊಟ್ಟಿ ಬಡಿದು ಬಡಿದು ಅವ್ವನ ಬಲ ಅಂಗೈ ಹಲಗೆಯಂತೆ ಗಟ್ಟಿಯಾಗಿತ್ತು. ಕಾದ ಹಂಚಿನ ಮೇಲಿನ ರೊಟ್ಟಿಯನ್ನು ಬರಿಗೈಯಲ್ಲೇ ತಿರುವಿ ಹಾಕುತ್ತಿದ್ದರು. ನರೇಗಲ್ಲಿನ ಶಾಲೆಗೆ ಶಿಕ್ಷಕಿಯಾಗಿ, ಊರವರ ಬಾಯಲ್ಲಿ ಅಕ್ಕೋರಾಗಿ, ಒಬ್ಬಳೇ ಬಂದ ನನಗೆ ಅವರ ಖಾನಾವಳಿಯೇ ಮನೆಯಾಯಿತು. ಊರೆಲ್ಲ ಅವರನ್ನು ಅವ್ವ ಎನ್ನುತ್ತಿತ್ತು. ಅವರಿಗೋ ಹಿಂದೆ ಮುಂದೆ ಯಾರೂ ಇರಲಿಲ್ಲ. ಮಂದಿಯೆಲ್ಲ ಉಂಡು ಹೋದಮೇಲೆ ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದರು. ಒಮ್ಮೆ ನಾನೂ ತಟ್ಟೆ ಹಿಡಿದು ಪಕ್ಕದಲ್ಲಿ ಕೂತೆ. "ಅಕ್ಕೋರ, ನಿಮ್ಗ ಬ್ಯಾರೆ ಕೆಲಸ ಇಲ್ಲೇನ್ರಿ?" ಎಂದು ಬೈದರು. ಮರುದಿನದಿಂದ ನನಗಾಗಿ ಕಾಯತೊಡಗಿದರು.

ಅವರ ಎದೆಯಲ್ಲಿ ಗಂಟಾಯಿತು. ಹುಬ್ಬಳ್ಳಿಯ ದವಾಖಾನೆಯಲ್ಲಿ ಸೂಜಿ ಹಾಕಿ ಗಂಟಿನ ಚೂರು ತೆಗೆದು ಪರೀಕ್ಷಿಸಿ, ಕ್ಯಾನ್ಸರ್ ಎಂದು ಔಷಧ ಏರಿಸಿದರು. ಕರಗಿತು. ವರ್ಷ ಕಳೆಯುವುದರೊಳಗೆ ಕುತ್ತಿಗೆಯಲ್ಲಿ ಮತ್ತೊಂದು ಎದ್ದಿತು. "ಸೂಜಿ ಚುಚ್ಚಿದ್ದಕ್ಕ ಸಿಟ್ಟಿಗೆದ್ದು ಹಬ್ಬೈತಿ" ಎಂದಿತು ಓಣಿ. ಅವ್ವ ನಂಬಿದರು. ಈ ಗಂಟಿಗೂ ಸೂಜಿ ಹಾಕಬೇಕು ಎಂದಾಗ ಸೆರಗು ಬಿಗಿಯಾಗಿ ಸುತ್ತಿಕೊಂಡು ಎದ್ದೇ ಬಿಟ್ಟರು.

"ಗಂಟಿನ ಕಣ ಎಲ್ಲಾ ಒಂದ ನಮೂನಿ ಇರಂಗಿಲ್ಲವ್ವಾ" ಎಂದರು ಡಾಕ್ಟರು. "ಮೊದಲಿನ ಔಷಧಕ್ಕ ಬಗ್ಗಿದವು ಸತ್ತವು. ಬಗ್ಗದವು ಉಳ್ಕೊಂಡು ಬೆಳದಾವ. ಅವು ಎಂಥವು ಅಂತ ನೋಡದ ಔಷಧ ಹ್ಯಾಂಗ ಕೊಡ್ಲಿ?"

"ನನ್ನ ಕಡೆ ಉಣ್ಣಾಕ ಬರೋ ಮಂದಿ ಇದ್ದಂಗ. ಒಬ್ಬಾಂವಗ ಸೇರಿದ್ದು ಇನ್ನೊಬ್ಬಾಂವಗ ಸೇರಂಗಿಲ್ಲ" ಎಂದು ಗೊಣಗಿದರು ಅವ್ವ. ಆದರೂ ಒಪ್ಪಲಿಲ್ಲ.

ಬಸ್ಸಿನಲ್ಲಿ ನನಗೆ ಸಿಟ್ಟು, ಅಳು ಒಟ್ಟಿಗೇ ಬಂದವು. "ಓಣಿ ಮಂದಿ ನಿಮ್ಮನ್ನ ಉಳಿಸ್ತಾರೇನು? ನೀವು ಹೋದ್ರ ನಾ ಯಾರ ಜೋಡಿ ಉಣ್ಲಿ?" ಎಂದುಬಿಟ್ಟೆ. ಅವ್ವ ಕಿಟಕಿಯತ್ತ ತಿರುಗಿದರು. ಊರಲ್ಲಿ ಇಳಿಯುವಾಗ, "ನನಗ ನಂಬಿಕಿ ಇಲ್ಲ, ಖರೇ ಹೇಳ್ತೀನಿ. ನಿನ್ನ ಸಲುವಾಗಿ ಚುಚ್ಚಿಸ್ಕೋತೀನಿ, ನಡಿ" ಎಂದರು. ಅಕ್ಕೋರ ಎನ್ನುವುದನ್ನು ಅವತ್ತೇ ಬಿಟ್ಟರು.

ಸೂಜಿ ಹಾಕಿ ನೋಡಿ ಕೊಟ್ಟ ಹೊಸ ಔಷಧಕ್ಕೆ ಕುತ್ತಿಗೆಯ ಗಂಟು ಕರಗಿತು. ಆದರೆ ಲಿವರಿನಲ್ಲಿ ಇನ್ನೊಂದು ಬೆಳೆದಿತ್ತು. ಅದು ಈ ಔಷಧಕ್ಕೂ ಬಗ್ಗಲಿಲ್ಲ. ಅದರ ನಮೂನೆಯೇ ಬೇರೆ ಇರಬೇಕು ಎಂದರು ಡಾಕ್ಟರು. ಅಲ್ಲಿಗೂ ಸೂಜಿ ಹಾಕಿ ನೋಡೋಣವೆಂದರೆ ಅವ್ವನಲ್ಲಿ ಶಕ್ತಿ ಉಳಿದಿರಲಿಲ್ಲ. ಕೊನೆಯ ದಿನಗಳಲ್ಲಿ ಕುತ್ತಿಗೆ ಸವರಿಕೊಂಡು ಹೇಳಿದರು: "ಸೂಜಿ ಹಾಕಿದ್ದು ಹೋತು ನೋಡು, ಹಾಕದಿದ್ದದ್ದು ನನ್ನ ಒಯ್ಯಾಕತ್ತೈತಿ. ಅಂಜಿ ಕೂಡಬ್ಯಾಡ್ರಿ ಅಂತ ಓಣ್ಯಾಗ ಹೇಳವ್ವಾ."

ಮಣ್ಣು ಮಾಡಿ ಬಂದ ವಾರದಲ್ಲೇ ಓಣಿಯ ಮನೆ ಮನೆಗೆ ಹೋಗಿ ಹೆಂಗಸರಿಗೆ ಹೇಳಿದೆ.

"ಚುಚ್ಚಿಸಿ ಕೊಂದವ್ರು ನೀವ ಅಲ್ಲೇನ್ರಿ, ಅಕ್ಕೋರ?" ಎಂದಳೊಬ್ಬಳು.

"ಚುಚ್ಚಿಸಿದಾಕಿ ನಾನ. ನಿಮಗ ಬೇಕಾದಾಗ ದವಾಖಾನಿಗೆ ನಿಮ್ಮ ಜೋಡೀನೂ ಬರ್ತೀನಿ" ಎಂದೆ.

ಅವಳು ಬಾಗಿಲು ಹಾಕಿಕೊಂಡಳು. ನಾನು ಮುಂದಿನ ಮನೆಯ ಬಾಗಿಲು ಬಡಿದೆ.