ಕೆರೆ ಏರಿಯ ಮೇಲೊಂದು ಬಿಳಿ ಅಂಗಿ

ಇವತ್ತು ಬೆಳಿಗ್ಗೆ ಹಲ್ಲುಜ್ಜುತ್ತಿರುವಾಗಲೇ ಫ್ಯಾಮಿಲಿ ಗ್ರೂಪಿಗೆ ಒಂದು ಶುಭೋದಯ ಬಂದು ಬಿತ್ತು. ಕಳಿಸಿದವನು ಧರ್ಮಪುರದಲ್ಲಿ ಶೇಂಗಾ ವ್ಯಾಪಾರ ಮಾಡುವ ನನ್ನ ಭಾಮೈದ ಓಬಳೇಶ. ತಾನು ಗ್ರೂಪಿನಲ್ಲಿ ಸಾರದಿದ್ದರೆ ಸೂರ್ಯ ಹುಟ್ಟಲು ಹಿಂದೆಮುಂದೆ ನೋಡುತ್ತಾನೆಂದು ಅವನು ನಂಬಿದಂತಿದೆ. ಹಬೆಯಾಡುವ ಕಾಫಿ ಲೋಟ, ಜೋಡಿ ಗಿಣಿ, ಅಂಗೈಯಗಲದ ಕೆಂಪು ಗುಲಾಬಿ. ಇಷ್ಟರ ಹಿಂದೆ ಉಸಿರಾಡಲು ಜಾಗ ಹುಡುಕುತ್ತಿರುವ ಭರಮಸಾಗರದ ಕೆರೆ. ಬಾಯಿಯ ನೊರೆ ಉಗುಳುವುದನ್ನೂ ಮರೆತು ನೋಡಿದೆ. ಇದೇ ಕೆರೆಯ ಇದೇ ಫೋಟೋದ ದೆಸೆಯಿಂದ ನಾನೊಮ್ಮೆ ಕಳ್ಳನೆನಿಸಿಕೊಳ್ಳುವುದರಲ್ಲಿದ್ದೆ. ನಿಮಗೆ ಪುರುಸೊತ್ತಿದ್ದರೆ ಕೂತುಕೊಳ್ಳಿ, ಹೇಳುತ್ತೇನೆ.

ನಾನು ಹೊಳಲ್ಕೆರೆಯ ಒಂದು ಕಾಲೇಜಿನಲ್ಲಿ ಲ್ಯಾಬ್ ಅಸಿಸ್ಟೆಂಟು. ಆಸಿಡ್ ಬೀರುವಿಗೆ ಬೀಗ ಹಾಕಿ, ಎಳೆದು ನೋಡಿ, ಬಸ್ ಸ್ಟ್ಯಾಂಡಿನವರೆಗೆ ಹೋಗಿ, ಮತ್ತೆ ಬಂದು ಎಳೆದು ನೋಡುವ ಪೈಕಿ. ಇಂಥವನಿಗೆ, ಯಾರು ಬೇಕಾದರೂ ಬರೆಯಬಹುದಾದ, ಯಾರು ಬೇಕಾದರೂ ತಿದ್ದಬಹುದಾದ ಅಂತರ್ಜಾಲದ ವಿಶ್ವಕೋಶದ ಗೀಳು ಹತ್ತಬಾರದಿತ್ತು. ಹತ್ತಿತು. ಭರಮಸಾಗರದ ಬಗ್ಗೆ ಒಂದಿಷ್ಟು ಬರೆದೆ. ಬರೆದದ್ದು ಬೋಳುಬೋಳಾಗಿ ಕಂಡಿತು. ದಾವಣಗೆರೆಗೆ ಸೀರೆ ತರಲು ಹೋಗಿ ಬರುವಾಗ ಕಾರು ನಿಲ್ಲಿಸಿ ತೆಗೆದ ಚಿತ್ರವೊಂದು ನೆನಪಾಯಿತು: ತುಂಬಿದ ನೀರು, ಉದ್ದನೆಯ ಏರಿ, ಏರಿಯ ಬಲತುದಿಯಲ್ಲಿ ಅಕ್ಕಿಕಾಳಿನಷ್ಟು ಬಿಳಿ ಅಂಗಿ. ಗ್ರೂಪಿನಲ್ಲಿ ಹುಡುಕಿ ತೆಗೆದು ವಿಶ್ವಕೋಶಕ್ಕೆ ಏರಿಸಿದೆ. ಚಿತ್ರ ಯಾರದೆಂದು ಕೇಳಿದ ಕಡೆ ‘ಸ್ವಂತ ಕೃತಿ’ ಎಂದು ಒತ್ತಿದೆ. ಒತ್ತುವಾಗ ಎದೆಯುಬ್ಬಿತ್ತೆಂದು ಬೇರೆ ನೆನಪು.

ಆ ವಿಶ್ವಕೋಶದಲ್ಲಿ ಒಬ್ಬರ ತಪ್ಪನ್ನು ಇನ್ನೊಬ್ಬರು ಹೇಳಲು ಚರ್ಚಾಪುಟವೆಂಬ ಜಗಲಿಯಿದೆ. ಕೆಲವೇ ದಿನಗಳಲ್ಲಿ ನನ್ನ ಜಗಲಿಗೆ ಒಬ್ಬ ಸಂಪಾದಕ ಬಂದ. ಅಲ್ಲಿ ಹೆಚ್ಚಿನವರು ಸ್ವಂತ ಹೆಸರಿನಲ್ಲಿರುವುದಿಲ್ಲ. ಈತನ ಹೆಸರು ಮುಳ್ಳುಹಂದಿ. “ಈ ಚಿತ್ರ ಹಲವು ಜಾಲತಾಣಗಳಲ್ಲಿ ಗುಲಾಬಿ ಸಮೇತ ಇದೆ. ನೀವು ಅಲ್ಲಿಂದ ಎತ್ತಿಕೊಂಡು, ಗುಲಾಬಿ ಅಳಿಸಿ, ಇಲ್ಲಿ ಹಾಕಿರುವ ಅನುಮಾನವಿದೆ. ಹಕ್ಕುಸ್ವಾಮ್ಯ ನಿಮ್ಮದೆಂದು ವಾರದೊಳಗೆ ತೋರಿಸದಿದ್ದರೆ ಅಳಿಸಲಾಗುವುದು.”

ಅಳಿಸುವುದು ಚಿತ್ರವನ್ನೋ ನನ್ನನ್ನೋ ಎಂದು ಅವನು ಬಿಡಿಸಿ ಹೇಳಿರಲಿಲ್ಲ. ಇದು ಓಬಳೇಶನ ಗುಲಾಬಿಯ ಕೆಲಸ. ಗ್ರೂಪಿನ ಆ ಚಿತ್ರಕ್ಕೆ ಅವನು ಆಗಲೇ ಗುಲಾಬಿ ಅಂಟಿಸಿ ಮಾಡಿದ್ದ ಶುಭೋದಯ ಊರೂರು ತಿರುಗಿ ಎಲ್ಲೆಲ್ಲೋ ತಂಗಿತ್ತು. ಕಾಲೇಜಿನ ಗೇಟಿಗೆ ಪೊಲೀಸ್ ಜೀಪು ಬಂದಂತೆ, ಪ್ರಿನ್ಸಿಪಾಲರು “ಇವರೇ ನೋಡ್ರಿ” ಎಂದು ಕೈತೋರಿಸಿದಂತೆ ಕಣ್ಣಿಗೆ ಕಟ್ಟಿತು. ‘ಮಾನ್ಯ ಮುಳ್ಳುಹಂದಿಯವರಿಗೆ ಸವಿನಯ ನಮಸ್ಕಾರಗಳು’ ಎಂದು ಶುರುಮಾಡಿ ಉದ್ದಕ್ಕೆ ಬರೆದೆ. ‘ಪುರಾವೆ?’ ಎಂದು ಉತ್ತರ ಬಂತು.

ಆ ವಾರವೇ ಹೊಸದುರ್ಗದಲ್ಲಿ ಷಡ್ಡಕರ ಮನೆಯ ಗೃಹಪ್ರವೇಶ. ಊಟದ ಪಂಕ್ತಿಯಲ್ಲಿ ಬಾಯಿ ತಡೆಯಲಾರದೆ ಸಂಗತಿ ಹೇಳಿಬಿಟ್ಟೆ. ನಮ್ಮ ಬಳಗದಲ್ಲಿ ಒಬ್ಬನನ್ನು ಕಳ್ಳನೆಂದರೆ ಏನು ಕದ್ದನೆಂದು ಯಾರೂ ಕೇಳುವುದಿಲ್ಲ, ಒಟ್ಟಿಗೆ ಎದ್ದು ನಿಲ್ಲುತ್ತಾರೆ.

“ಯಾವನ್ಲೇ ಅವ್ನು, ನಮ್ ಭಾವನ್ನ ಕಳ್ಳ ಅನ್ನಾಕೆ?” ಓಬಳೇಶ ಹೋಳಿಗೆ ಕೈಲೇ ಎದ್ದ.

“ಯಾರೋ ಗೊತ್ತಿಲ್ಲ. ಮುಳ್ಳುಹಂದಿ ಅಂತ.”

“ಹಂದಿಗೆ ಇಷ್ಟು ಹೆದರ್ತೀರಾ? ಕೈ ತೊಳ್ಕಂಡು ಬರ್ರಿ ಎಲ್ಲಾರೂ, ಸಾಕ್ಷಿ ಹೇಳಾಣ!”

ಹೊಸ ಮನೆಗೆ ಹೊಸದಾಗಿ ಬಂದಿದ್ದ ವೈಫೈಗೆ ಎಲ್ಲರೂ ಮೊಬೈಲು ಜೋಡಿಸಿ, ವಿಶ್ವಕೋಶದಲ್ಲಿ ಒಬ್ಬೊಬ್ಬರೂ ಒಂದೊಂದು ಖಾತೆ ತೆರೆದು, ಓಬಳೇಶ ಹೇಳಿಕೊಟ್ಟ ವಾಕ್ಯವನ್ನು ಹಾಕಿದರು: ‘ಈ ಫೋಟೋ ನಮ್ಮ ಭಾವನವರೇ ತೆಗೆದದ್ದು, ನಾವು ಬಲ್ಲೆವು.’ ನನ್ನ ದೊಡ್ಡಪ್ಪನೂ ಅದನ್ನೇ ಹಾಕಿ, ನನಗೆ ಭಾಮೈದನಾದ. ನನ್ನ ಹೆಂಡತಿ ಗಿರಿಜ ಮಾತ್ರ ಅಡುಗೆಮನೆಯಲ್ಲಿ ಉಳಿದ ಹೋಳಿಗೆ ಕಟ್ಟುತ್ತಿದ್ದಳು. ಅವಳನ್ನು ಯಾರೂ ಸಾಕ್ಷಿಗೆ ಕರೆಯಲಿಲ್ಲ.

ಮಾರನೆಯ ದಿನ ಮುಳ್ಳುಹಂದಿ ಮುಳ್ಳು ನಿಮಿರಿಸಿತು. “ಒಂದೇ ಸಂಪರ್ಕದಿಂದ ಒಂದೇ ಮಧ್ಯಾಹ್ನ ಹುಟ್ಟಿದ ಇಷ್ಟೂ ಖಾತೆಗಳು ಒಂದೇ ವಾಕ್ಯ ಬರೆದಿವೆ. ಇವರೆಲ್ಲ ನೀವೊಬ್ಬರೇ ಅಲ್ಲವೆ?”

ಕಳ್ಳತನದ ಜೊತೆಗೆ ಈಗ ವೇಷವೂ ಸೇರಿತು. ಇಡೀ ಬಳಗ ಕರಗಿ ನಾನೊಬ್ಬನೇ ಆಗಿದ್ದೆ. ನನ್ನಲ್ಲಿದ್ದ ಕೊನೆಯ ಅಸ್ತ್ರ ತೆಗೆದೆ. “ಸ್ವಾಮಿ, ಆ ಹೊತ್ತು ನಾನು ಕೆರೆಯ ಬಳಿ ಇದ್ದದ್ದು ಖಂಡಿತ. ಬಲತುದಿಯನ್ನು ದೊಡ್ಡದು ಮಾಡಿ ನೋಡಿ. ಆ ಬಿಳಿ ಅಂಗಿಯವನು ನಾನೇ!”

ಇದಕ್ಕಿಂತ ಗಟ್ಟಿ ಸಾಕ್ಷಿ ಉಂಟೆ ಎಂದು ಟೀ ಕುಡಿಯಲು ಎದ್ದೆ. ಲೋಟ ಬಾಯಿಗಿಡುವಷ್ಟರಲ್ಲಿ ಉತ್ತರ ಬಂತು.

“ಹಾಗಾದರೆ ತೆಗೆದವರು ಯಾರು?”

ಟೀ ಅಲ್ಲೇ ನಿಂತಿತು. “ಇನ್ನಾ ಹಿಂದಕ್ಕೆ ಹೋಗ್ರಿ. ಇನ್ನಾ. ಹಾಂ, ಅಲ್ಲೇ ನಿಂತ್ಕಳ್ರಿ. ಕೆರೆ ಎಷ್ಟು ದೊಡ್ಡದೈತೆ ಅಂತ ಗೊತ್ತಾಗ್ಬೇಕಲ್ಲ” ಎಂದು ಅವತ್ತು ಗಿರಿಜ ಕೂಗಿದ ದನಿ ಕಿವಿಗೆ ಬಂತು. ಕಾರು ನನ್ನದು, ಲೇಖನ ನನ್ನದು, ಅವಳ ಮೊಬೈಲಿಗೆ ದುಡ್ಡು ಕೊಟ್ಟವನು ನಾನು. ಫೋಟೋ ಇನ್ಯಾರದಾದೀತು ಎಂಬ ಭರವಸೆಯಲ್ಲಿದ್ದೆ. ಮುಳ್ಳುಹಂದಿ ಸಮಾಧಾನದಿಂದ ತಿಳಿಸಿಕೊಟ್ಟ: ಮೊಬೈಲು ಯಾರದೇ ಇರಲಿ, ಮುಖ ಯಾರದೇ ಇರಲಿ, ಹಕ್ಕು ಚಿತ್ರ ತೆಗೆದವರದು. ಅವರೇ ಬಂದು ಅನುಮತಿ ಕೊಡಬೇಕು.

ಗಿರಿಜ ಓಬಳೇಶ ಕಳಿಸಿದ ಶೇಂಗಾ ಸುಲಿಯುತ್ತಾ ಕೂತಿದ್ದಳು. ಎಲ್ಲ ಹೇಳಿದೆ.

“ಅಂದ್ರೆ ಆ ಫೋಟೋ ನಂದು?”

“ಕಾನೂನಿನ ಪ್ರಕಾರ...”

“ಕಾನೂನು ಅತ್ಲಾಗಿರ್ಲಿ. ಹೌದೋ ಅಲ್ಲೋ?”

“ಹೌದು.”

“ಸ್ವಂತ ಅಂತ ಒತ್ತುವಾಗ ನಾನು ನೆಪ್ಪಾಗ್ಲಿಲ್ವೇನ್ರಿ?”

ನೆಪ್ಪಾಗಿರಲಿಲ್ಲ. ಅದೇ ತಮಾಷೆ. ನಮ್ಮ ಮನೆಯ ಚಿತ್ರಗಳನ್ನೊಮ್ಮೆ ನೋಡಬೇಕು ನೀವು. ದುರ್ಗದ ಕೋಟೆಯ ಮುಂದೆ ನಾನು, ಹಿರಿಯೂರಿನ ಡ್ಯಾಮಿನ ಮುಂದೆ ನಾನು, ಕಬ್ಬಿನ ಹಾಲಿನ ಗಾಡಿಯ ಮುಂದೆ ಲೋಟ ಹಿಡಿದ ನಾನು. ಮದುವೆಯಾದ ಮೇಲೂ ನಾನು ಒಬ್ಬಂಟಿಯಾಗಿಯೇ ತಿರುಗಿದೆನೆಂದು ನೋಡಿದವರು ಮರುಗಬೇಕು.

“ಅನುಮತಿ ಕೊಟ್ರೆ ಏನಾಗ್ತೈತೆ?” ಎಂದಳು.

“ಯಾರು ಬೇಕಾದ್ರೂ ಬಳಸಬೋದು, ಬದಲಾಯಿಸಬೋದು. ನಿನ್ನ ಹೆಸರು ಮಾತ್ರ ಹಾಕ್ಲೇಬೇಕು.”

“ಹಾಕ್ಲೇಬೇಕಾ?”

“ಹಾಕ್ಲೇಬೇಕು.”

“ಬದಲಾಯಿಸಬೋದು ಅಂದ್ರೆ, ನಿಮ್ಮನ್ನ ತೆಗೆದು ಹಾಕಿದ್ರೂ ನಡಿತೈತಾ?”

“ನಡಿತೈತೆ” ಎಂದೆ, ಸಣ್ಣ ದನಿಯಲ್ಲಿ.

“ಹಂಗಾದ್ರೆ ಕೊಡಾಣ. ಶೇಂಗಾ ಆಗ್ಲಿ ತಡೀರಿ.”

ಅಷ್ಟು ನಿಧಾನವಾಗಿ ಶೇಂಗಾ ಸುಲಿದವರನ್ನು ನಾನು ಕಂಡಿಲ್ಲ. ವಾರ ಮುಗಿಯುತ್ತ ಬಂದಿತ್ತು. ನಾನೂ ಕೂತು ಸುಲಿದೆ. ಕೊನೆಗೆ ಮಡಿಲು ಕೊಡವಿ ಎದ್ದು, ತನ್ನ ಮೊಬೈಲಿನಿಂದ ಮೂಲ ಚಿತ್ರ ಕಳಿಸಿ, ಮುಳ್ಳುಹಂದಿಗೆ ತಾನೇ ಬರೆದಳು: ‘ಫೋಟೋ ತೆಗೆದೋಳು ನಾನು. ಬಿಳಿ ಅಂಗಿ ನಮ್ಮ ಯಜಮಾನರು. ಅಳತೆಗೆ ನಿಲ್ಲಿಸಿದ್ದೆ. ಸಾಕ್ಷಿ ಹೇಳಿದೋರು ನಮ್ಮ ನೆಂಟರು, ಬೇರೆ ಬೇರೆ ಜನ.’ ಅವನು ಅಷ್ಟನ್ನೂ ಒಪ್ಪಿದ. ಕೊನೆಗೆ ‘ಚಿತ್ರ ಚೆನ್ನಾಗಿ ಬಂದಿದೆ ಮೇಡಂ’ ಎಂದೂ ಸೇರಿಸಿದ. ನನ್ನ ಸವಿನಯ ನಮಸ್ಕಾರಗಳಿಗೆ ಅವನು ಒಂದು ನಮಸ್ಕಾರವನ್ನೂ ತಿರುಗಿಸಿರಲಿಲ್ಲ.

ಇವತ್ತು ಕಾಫಿ ತಂದವಳಿಗೆ ಶುಭೋದಯ ತೋರಿಸಿದೆ. ಅವಳು ಗ್ರೂಪಿಗೆ ಬರೆದಳು: ‘ಓಬಳೇಶ, ಚಿತ್ರ ನಂದು. ಹೆಸರು ಹಾಕಿ ಕಳ್ಸು.’ “ತಪ್ಪಾತಕ್ಕಾ!” ಎಂದು ಅವನ ದನಿ ಬಂತು, ಹಿಂದೆಯೇ ಚಿನ್ನದ ಬಣ್ಣದಲ್ಲಿ ‘ಗಿರಿಜಕ್ಕ’ ಎಂದು ಕೆತ್ತಿದ ಕೆರೆ. ಅಭ್ಯಾಸಬಲದಿಂದ ನಾನು ಬಲತುದಿಯನ್ನು ದೊಡ್ಡದು ಮಾಡಿದೆ. ಬಿಳಿ ಅಂಗಿ ಇರಬೇಕಾದ ಕಡೆ ಗುಲಾಬಿ ಕೂತಿತ್ತು.

“ನಾನೇ ಇಲ್ಲ ಕಣೇ ಇದ್ರಾಗೆ!”

“ಅನುಮತಿ ಐತಲ್ಲ” ಎಂದು ಅವಳು ನಗತೊಡಗಿದಳು.

ಅವಳ ಮೊಬೈಲು ಕೈಗೆತ್ತಿಕೊಂಡೆ. “ಅಲ್ಲೇ ನಿಂತ್ಕ” ಎಂದೆ.

“ಅಯ್ಯೋ, ತಲೆ ಬಾಚಿಲ್ಲ ಕಣ್ರಿ” ಎಂದು ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ ಒತ್ತಿಬಿಟ್ಟೆ.

ಬಂದದ್ದು ಅರ್ಧ ಗಿರಿಜ, ಅರ್ಧ ನನ್ನ ಹೆಬ್ಬೆರಳು. ಮುಳ್ಳುಹಂದಿ ಬಂದು ಕೇಳಲಿ ಬೇಕಾದರೆ. ಈ ಸಲ ಸಾಕ್ಷಿಗೆ ಬಳಗವನ್ನೆಲ್ಲ ಎಬ್ಬಿಸಬೇಕಾಗಿಲ್ಲ.