ಸೌಂಡ್ ಸರ್ ಕಳಿಸಿದ್ದ ಎರಡು ನಿಮಿಷ

ಕುವೈತ್‌ನ ರಿಗ್ಗೈ ಬಡಾವಣೆಯ ನನ್ನ ಮನೆ ಖಾಲಿ ಮಾಡುವಾಗ ಕಪಾಟಿನ ತಳದಲ್ಲಿ ಒಂದು ಹಳೆಯ ಹೆಡ್‌ಫೋನ್ ಸಿಕ್ಕಿತು. ಕಿವಿಯ ಮೆತ್ತೆ ಮುಟ್ಟಿದರೆ ಕಪ್ಪು ಪುಡಿ ಉದುರುತ್ತಿತ್ತು. ಆದರೂ ನೀಲಗಿರಿ ಎಣ್ಣೆಯ ವಾಸನೆ ಹೋಗಿರಲಿಲ್ಲ. ತಲೆನೋವೆಂದು ದಿನವಿಡೀ ಆ ಎಣ್ಣೆಯನ್ನು ಹಣೆಗೆ ತಿಕ್ಕಿಕೊಳ್ಳುತ್ತಿದ್ದವರು ಒಬ್ಬರೇ... ನಮ್ಮ ಸೌಂಡ್ ಸರ್.

ಇಲ್ಲಿನ ಒಂದು ಜಾಹೀರಾತು ಸ್ಟುಡಿಯೋದಲ್ಲಿ ನಾನು ವಿಡಿಯೊ ಜೋಡಿಸುತ್ತಿದ್ದೆ, ಅವರು ದನಿ ಸರಿಪಡಿಸುತ್ತಿದ್ದರು. ಅವರು ಮಂಗಳೂರಿನವರು, ನಾನು ಮೈಸೂರಿನವಳು. ಸೇರಿದ ಹೊಸದರಲ್ಲಿ ಒಬ್ಬ ಹೆಂಗಸಿನ ದನಿಯಿಂದ ಉಸಿರೆಳೆದ ಸದ್ದುಗಳನ್ನೆಲ್ಲ ಕತ್ತರಿಸಿ, ಶಹಬ್ಬಾಸ್‌ಗಿರಿಗೆ ಕಾದು ನಿಂತಿದ್ದೆ.

"ಎಂತ ಮಾರಾಯ್ತಿ, ಕುತ್ತಿಗೆ ಹಿಸುಕಿದ ಹಾಗೆ ಮಾಡಿದ್ದೀಯಲ್ಲ! ಸ್ವಲ್ಪ ಉಸಿರು ಬಿಡಬೇಕು. ಇಲ್ಲದಿದ್ರೆ ಮನುಷ್ಯರು ಮಾತಾಡಿದ ಹಾಗೆ ಆಗುದಿಲ್ಲ" ಎಂದು ನಕ್ಕಿದ್ದರು.

ಆ ವರ್ಷ ರಂಜಾನ್‌ಗೆ ಮುಂಚಿನ ವಾರಗಳಲ್ಲಿ ಕೆಲಸ ಮೈಮೇಲೆ ಬಿತ್ತು. ಜಾಹೀರಾತಿನ ಮೇಲೆ ಜಾಹೀರಾತು. ಮ್ಯಾನೇಜರ್ ಬಾಗಿಲಲ್ಲೇ ನಿಂತು "ಯಲ್ಲಾ, ಯಲ್ಲಾ" ಎಂದು ಅವಸರಪಡಿಸುತ್ತಿದ್ದ. ಸರ್ ಊಟ ಬಿಟ್ಟರು. ಹತ್ತು ಸೆಕೆಂಡಿನ ಜಾಹೀರಾತನ್ನು ಮೂರು ದಿನ ತಿದ್ದಿದರು. "ಒಂದು ಗುಂಯ್ ಅಂತ ಕೇಳ್ತಾ ಉಂಟಲ್ಲ, ನಿನಗೆ ಕೇಳುದಿಲ್ವಾ?" ಎಂದು ಒಬ್ಬೊಬ್ಬರನ್ನೇ ಕರೆದು ಕೇಳಿಸಿದರು. ಯಾರಿಗೂ ಏನೂ ಕೇಳಲಿಲ್ಲ. ಅವರ ಬೆನ್ನ ಹಿಂದೆ ಎಲ್ಲರೂ ನಕ್ಕರು. ನಾನೂ ನಕ್ಕೆ, ಸುಳ್ಳೇಕೆ ಹೇಳಲಿ.

ಒಂದು ಶುಕ್ರವಾರ, ರಜೆಯ ಮಧ್ಯಾಹ್ನ, ಒಲೆಯ ಮೇಲೆ ಹುಳಿ ಕುದಿಯುತ್ತಿದ್ದಾಗ ಅವರ ವಾಯ್ಸ್ ಮೆಸೇಜ್ ಬಂತು. ಎರಡು ನಿಮಿಷದ್ದು. ಇಂಥವನ್ನು ಎರಡು ಪಟ್ಟು ವೇಗದಲ್ಲಿ ಓಡಿಸಿ ಕೇಳುವುದು ನಮ್ಮ ಸ್ಟುಡಿಯೋದವರಿಗೆಲ್ಲ ಚಾಳಿ. ಹಾಗೇ ಕೇಳಿದೆ. "ನಾಳೆ ಆ ಕೆಲಸ ನೀನು ಮುಗಿಸ್ತೀಯಾ? ನನ್ನಿಂದ ಆಗುದಿಲ್ಲ" ಎಂದಷ್ಟು ಕಿವಿಗೆ ಬಿತ್ತು. ಇದನ್ನೂ ನನ್ನ ತಲೆಗೇ ಕಟ್ಟಿದರಲ್ಲ ಎಂದು ಮೈಯೆಲ್ಲ ಉರಿಯಿತು. ಉಳಿದದ್ದನ್ನು ಕೇಳದೆ, ಉತ್ತರಕ್ಕೆ ಹೆಬ್ಬೆರಳಿನ ಚಿತ್ರವೊಂದನ್ನು ಒತ್ತಿ ಸೌಟು ಹಿಡಿದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಮರುದಿನ ಅವರು ಬರಲಿಲ್ಲ. ಅಬು ಹಲೀಫಾದ ಕಡಲ ಬದಿಯಲ್ಲಿ ಕಾರು ನಿಲ್ಲಿಸಿ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಸುಮ್ಮನೆ ಕೂತಿದ್ದವರನ್ನು ಹಿಂದಿನ ಸಂಜೆಯೇ ಹೆಂಡತಿ ಹುಡುಕಿ ಆಸ್ಪತ್ರೆಗೆ ಸೇರಿಸಿದ್ದರು. ತಿಂಗಳೊಳಗೆ ಇಲ್ಲಿನ ವಾಸದ ಪರವಾನಗಿ ಇಕಾಮಾವನ್ನು ರದ್ದು ಮಾಡಿಸಿ ಊರಿಗೆ ಕರೆದೊಯ್ದರು. ಹೋಗುವ ಮುನ್ನ ಆ ಹೆಡ್‌ಫೋನನ್ನು ನನ್ನ ಕೈಗಿಟ್ಟು, "ಮನೆಯಲ್ಲಿ ಇಡ್ಲಿಕ್ಕೆ ಆಗುದಿಲ್ಲ. ಕಂಡ್ರೆ ಸಾಕು, ನಡುಗ್ತಾರೆ" ಎಂದರು ಆಕೆ. ಆಮೇಲೆ ಫೋನ್ ಮಾಡಬೇಕು, ಮಾಡಬೇಕು ಎಂದುಕೊಂಡೇ... ಯಾವ ಮುಖ ಹೊತ್ತು ಮಾಡಲಿ? ಕೊನೆಗೊಮ್ಮೆ ಧೈರ್ಯ ತಂದುಕೊಂಡು ಮಾಡಿದಾಗ ಆ ನಂಬರ್ ಚಾಲ್ತಿಯಲ್ಲಿರಲಿಲ್ಲ.

ಮೆಸೇಜ್ ಮಾತ್ರ ಉಳಿದಿದೆ. ಪೂರ್ತಿ ಕೇಳುವ ಧೈರ್ಯ ಇಷ್ಟು ವರ್ಷ ಬಂದಿರಲಿಲ್ಲ. ನಿನ್ನೆ, ಕಟ್ಟಿಟ್ಟ ಪೆಟ್ಟಿಗೆಗಳ ನಡುವೆ ಕೂತು ಕೇಳಿದೆ, ಅವರು ಮಾತಾಡಿದಷ್ಟೇ ನಿಧಾನವಾಗಿ. ಒಂದು ಮಾತಿಗೂ ಇನ್ನೊಂದಕ್ಕೂ ನಡುವೆ ಅಳು ನುಂಗುವ ಉಸಿರು. "ನನ್ನಿಂದ ಆಗುದಿಲ್ಲ" ಎಂದ ಮೇಲೆ ಬಹಳ ಹೊತ್ತು ದೂರದ ಅಲೆಗಳ ಸದ್ದು. ಕೊನೆಯಲ್ಲಿ, ಮೆಲ್ಲಗೆ, "ಕೇಳ್ತಾ ಇದ್ದೀಯಲ್ಲ, ಮಾರಾಯ್ತಿ?"

ಇಲ್ಲ ಸರ್. ನಾನು ಹುಳಿಗೆ ಸೌಟಾಡಿಸುತ್ತಿದ್ದೆ.